ನಾಲ್ಕು ಡಬ್ಬಿ ಚಹಾ, ಒಂದು ಕೊಡ ನೀರು

ಕೆಲವರ ಮನೆಗೆ ಹಾವು ಬರುತ್ತದೆ, ಕೆಲವರ ಮನೆಗೆ ಕಳ್ಳರು ಬರುತ್ತಾರೆ. ನಮ್ಮ ಮನೆಗೆ ಬರುವುದು ಇಂಥ ಪ್ರಸಂಗಗಳು. ನಾನು ಒಂದು ಕೆಲಸವನ್ನು ಕ್ರಮವಾಗಿ, ಅಚ್ಚುಕಟ್ಟಾಗಿ ಮಾಡಬೇಕೆಂದು ಕೂತರೆ ಸಾಕು, ನಾಲ್ಕು ಜನ ಸೇರಿ ಅದನ್ನು ಬೇರೆ ಏನೋ ಮಾಡಿಬಿಡುತ್ತಾರೆ. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ಈಗ ಆಯಾಸ ಬರುತ್ತದೆ, ಅಷ್ಟೇ.

ನಾನು ಸಿಕಂದರಾಬಾದಿನ ಕಾನ್ವೆಂಟಿನಲ್ಲಿ ಕಲಿತವಳು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ, ಮುಂದಿನದು ತಿಳಿಯಲೆಂದು ಹೇಳುತ್ತಿದ್ದೇನೆ. ಅಲ್ಲಿ ಒಬ್ಬ ಸಿಸ್ಟರ್ ಇದ್ದರು. ಅವರ ತಂದೆಗೆ ನೀಲಗಿರಿಯಲ್ಲಿ ಚಹಾದ ತೋಟವಿತ್ತು. ದೊಡ್ಡ ಹುಡುಗಿಯರಿಗೆ ಅವರು ಚಹಾದ ರುಚಿ ನೋಡುವ ವಿದ್ಯೆ ಕಲಿಸುತ್ತಿದ್ದರು. ಬಿಳಿ ಪಿಂಗಾಣಿ ಕಪ್ಪುಗಳನ್ನು ಸಾಲಾಗಿ ಇಡಬೇಕು. ಎಲ್ಲಕ್ಕೂ ಒಂದೇ ಅಳತೆಯ ಎಲೆ, ಒಂದೇ ಕುದಿಯ ನೀರು. ಹಾಲಿಲ್ಲ, ಸಕ್ಕರೆಯಿಲ್ಲ. ಚಮಚದಲ್ಲಿ ತೆಗೆದು ಸುರ್ ಎಂದು ಎಳೆದು, ಬಾಯಲ್ಲೆಲ್ಲ ಆಡಿಸಿ, ಉಗುಳಬೇಕು. ಊಟದ ಮೇಜಿನಲ್ಲಿ ಸಪ್ಪಳ ಮಾಡಿದರೆ ಬೆರಳಿಗೆ ಪಟ್ಟಿಯ ಏಟು ಕೊಡುತ್ತಿದ್ದ ಸಿಸ್ಟರ್, ಚಹಾದ ಮೇಜಿನಲ್ಲಿ ಸಪ್ಪಳ ಸಾಲದು ಎಂದು ಏಟು ಕೊಡುತ್ತಿದ್ದರು.

ಮದುವೆಯಾಗಿ ಕಲಬುರಗಿಗೆ ಬಂದ ಮೇಲೆ ಆ ವಿದ್ಯೆಗೆ ಕೆಲಸ ಬಿದ್ದಿರಲಿಲ್ಲ. ನಮ್ಮವರು ಸುಬೇದಾರ ಸಾಹೇಬರ, ಅಂದರೆ ಈ ಸೀಮೆಯ ದೊಡ್ಡ ಅಧಿಕಾರಿಯ, ಕಚೇರಿಯಲ್ಲಿ ಪೇಶಕಾರರು. ಸಾಹೇಬರ ಮುಂದೆ ಕಾಗದಪತ್ರ ಇಟ್ಟು ಓದಿ ಹೇಳುವ ಕೆಲಸ. ಒಂದು ಸಂಜೆ ತಲೆಯ ರುಮಾಲು ಬಿಚ್ಚದೆ ಹಾಗೇ ಕೂತು, "ಬೀಡಕ್ಕ ತಬಾದಲಾ ಆಗೂ ಹಂಗ ಅದ" ಅಂದರು.

ವರ್ಗವಾಗಿ ಹೋಗಬೇಕಾದ ಆ ಬೀಡ ಎಲ್ಲಿದೆ ಎಂದು ಅತ್ತೆಗೆ ನಕ್ಷೆಯಲ್ಲಿ ತೋರಿಸಿದೆ. ಅತ್ತೆ ನಕ್ಷೆಯ ಕಡೆ ನೋಡಲೂ ಇಲ್ಲ.

"ನೀವು ಹೋಗ್ರಿ. ನಾ ಶರಣಬಸಪ್ಪನ ಗುಡಿ ಬಿಟ್ಟು ಎಲ್ಲೂ ಬರಂಗಿಲ್ಲ. ದಿನಾ ಮುಂಜಾನೆ ಅಲ್ಲಿ ಹೋಗಿ ಬರಲಿಲ್ಲಂದ್ರ ನನ್ನ ಬಾಯಾಗ ನೀರ ಇಳಿಯಂಗಿಲ್ಲ."

ಅತ್ತೆಗೆ ಆಗಲೇ ಕಣ್ಣು ಮಂದವಾಗಿತ್ತು. ನಮ್ಮವರಿಗೆ ತಮ್ಮ ಅಂಗಿಯ ಗುಂಡಿ ಎಲ್ಲಿದೆ ಎಂಬುದೂ ಗೊತ್ತಿಲ್ಲ, ಹೊರಗಿನ ಊಟ ಒಗ್ಗುವುದಿಲ್ಲ. ನಾನು ಅವರ ಸಂಗಡ ಹೋದರೆ ಅತ್ತೆ ಒಬ್ಬರೇ. ಅತ್ತೆಯ ಸಂಗಡ ಉಳಿದರೆ ನಮ್ಮವರು ಒಬ್ಬರೇ. ಮನೆ ಎರಡಾಗುವುದು ಖಚಿತ, ಎಲ್ಲಿ ಸೀಳುವುದೆಂಬುದು ಮಾತ್ರ ಬಾಕಿ.

ಸಾಹೇಬರಿಗೆ ಹೇಳುವ ಧೈರ್ಯ ನಮ್ಮವರಿಗಿಲ್ಲ. ಸಾಹೇಬರಿಗೆ ಹೇಳಬಲ್ಲವರು ಅವರ ಹೆಂಡತಿ ಬೇಗಂ ಸಾಹೇಬರು ಒಬ್ಬರೇ. ಅವರಿಗೆ ಒಳ್ಳೆಯ ಚಹಾ ಎಂದರೆ ಪ್ರಾಣ ಎಂದು ಊರಲ್ಲೆಲ್ಲ ಮಾತು. ನಾನು ಅವರನ್ನು ಚಹಾಕ್ಕೆ ಕರೆದೆ. ತಿಂಗಳ ಕೊನೆಗೆ ಬರುತ್ತೇನೆಂದು ಒಪ್ಪಿದರು. ಒಂದೇ ಒಂದು ಕಪ್ಪು ಚಹಾ ಸರಿಯಾಗಿ ಕೊಡಬೇಕು. ಅಷ್ಟು ನನ್ನಿಂದ ಆಗದೆ?

ಜರಡಿ ಹಿಡಿದ ಪುಡಿ

ಮೂರು ಚಹಾ ಸುಲಭವಾಗಿ ಸಿಕ್ಕಿದವು. ನೀಲಗಿರಿಯದು ಸಿಸ್ಟರ್ ಕಳಿಸಿದರು. ದಾರ್ಜಿಲಿಂಗಿನದು ಮುಂಬಯಿಯಲ್ಲಿದ್ದ ನನ್ನ ಸೋದರಮಾವನಿಂದ ಬಂತು. ಅಸ್ಸಾಮಿನದು ಸ್ಟೇಷನ್ನಿನ ಹತ್ತಿರದ ಇರಾಣಿ ಹೋಟೆಲಿನವನು ಕೊಟ್ಟ. ಊರಿನ ಪೇಟೆಯಲ್ಲಿ ಏನು ಸಿಗುತ್ತದೆ ಎಂದೂ ನೋಡಬೇಕಲ್ಲ ಎಂದು ನಾನೇ ಗಂಜ್ ಪೇಟೆಯ ಕಿರಾಣಿ ಅಂಗಡಿಗೆ ಹೋದೆ.

"ಎಲೆ ಚಹಾ ಬೇಕು" ಅಂದೆ.

"ಚೊಕ್ಕ ಪುಡಿ ಅದರಿ ಎವ್ವಾ" ಎಂದರು ಸಾವಕಾರರು. "ಎರಡ ಸಲ ಜರಡಿ ಹಿಡಿಸೀನಿ. ಹುಡುಕಿದ್ರೂ ಒಂದ ಎಲಿ ಸಿಗಂಗಿಲ್ಲ."

"ನನಗೆ ಆ ಎಲೆಯೇ ಬೇಕು."

"ಅದು ಮ್ಯಾಲಿನ ಕಸ ಆಗ್ತದರಿ."

"ಆ ಕಸ ಎಲ್ಲಿದೆ?"

ಸಾವಕಾರರು ನನ್ನ ಮುಖವನ್ನೂ ನನ್ನ ಕಾಲಿನ ಬೂಟನ್ನೂ ನೋಡಿದರು. ಆಮೇಲೆ ಮೂಲೆಯಲ್ಲಿದ್ದ ಗೋಣಿಚೀಲದ ಬಾಯಿ ಬಿಚ್ಚಿದರು. "ಇದನ್ನ ದನಾನೂ ಒಲ್ಲೆ ಅಂದಾವರಿ" ಎಂದರು ಮೆಲ್ಲಗೆ.

ಒಳಗೆ ಉದ್ದುದ್ದ ಹೊಸೆದ ಕರಿಯ ಎಲೆ, ನಡುನಡುವೆ ಚಿಗುರಿನ ಹೊಂಬಣ್ಣ. ಅಷ್ಟು ಒಳ್ಳೆಯ ಎಲೆಯನ್ನು ಆ ಮನುಷ್ಯ ಎಷ್ಟು ವರ್ಷದಿಂದ ತಿಪ್ಪೆಗೆ ಹಾಕುತ್ತಿದ್ದನೋ. ಎರಡು ಸೇರು ತೂಗಿ ಕೊಡಿ ಎಂದೆ. ಅವರು ತಕ್ಕಡಿ ಮುಟ್ಟಲಿಲ್ಲ. "ಕಸಕ್ಕ ತಕ್ಕಡಿ ಹಿಡಿದ್ರ ಲಕ್ಷ್ಮಿ ಮುನಿಸ್ಕೋತಾಳರಿ" ಎಂದು ಪೊಟ್ಟಣ ಕಟ್ಟಿ ಕೊಟ್ಟರು. ಮೇಲೆ ಒಂದು ಅಚ್ಚು ಬೆಲ್ಲ ಇಟ್ಟರು. ಅದು ಯಾತಕ್ಕೆ ಎಂದು ನನಗೆ ಆಗ ತಿಳಿಯಲಿಲ್ಲ.

ಸಂಜೆ ನಮ್ಮವರು ಮನೆಗೆ ಬಂದವರು ಬಾಗಿಲಲ್ಲೇ ನಿಂತರು.

"ಕಿರಾಣಿ ಸಾವಕಾರ ನಡುರಸ್ತಾದಾಗ ನನ್ನ ಕೈ ಹಿಡಿದು ನಿಲ್ಲಿಸಿದ. 'ಪೇಶಕಾರ ಸಾಹೇಬರ, ಪಗಾರ ನಿಂತದೇನ್ರಿ? ನನಗ ಒಂದ ಮಾತ ಹೇಳಬಾರದಾಗಿತ್ತಾ? ಮನ್ಯಾಗಿನವರನ್ನ ಕಸ ಆರಿಸಾಕ ಕಳಸಬ್ಯಾಡ್ರಿ' ಅಂದ."

ಪೀಕದಾನಿ

ಬಣ್ಣ ಸರಿಯಾಗಿ ಕಾಣಬೇಕಾದರೆ ಬೆಳಗಿನ ಬೆಳಕೇ ಬೇಕು. ಆದ್ದರಿಂದ ಅಂಗಳದ ಪಕ್ಕದ ಪಡಸಾಲೆಯಲ್ಲಿ ಮೇಜು ಹಾಕಿಸಿದೆ. ನಾಲ್ಕು ಕಪ್ಪು, ಮರಳಿನ ಗಡಿಯಾರ, ತೆಳ್ಳಗೆ ಕೊಯ್ದ ನಿಂಬೆಹಣ್ಣು. ದಾರ್ಜಿಲಿಂಗಿನ ಚಹಾಕ್ಕೆ ನಿಂಬೆ ಹಿಂಡಿಯೂ ನೋಡಬೇಕೆಂದು ಸಿಸ್ಟರ್ ಹೇಳಿದ್ದರು. ಉಗುಳಲು ಮಾವನವರ ಕಾಲದ ಹಿತ್ತಾಳೆಯ ಪೀಕದಾನಿಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿಸಿ ಇಟ್ಟುಕೊಂಡೆ.

ಮೊದಲ ದಿನ ಮೂರನೆಯ ಕಪ್ಪಿಗೆ ಬಂದಿದ್ದೆ, ಅತ್ತೆ ಗುಡಿಯಿಂದ ಬಂದರು. ಬಾಗಿಲ ಚೌಕಟ್ಟು ಹಿಡಿದು ನಿಂತರು.

"ಏನ ಮಾಡಾಕತ್ತೀ ಯವ್ವಾ?"

"ಚಾದ ರುಚಿ ನೋಡಾಕತ್ತೀನ್ರಿ, ಅತ್ತಿಯಾರ."

"ರುಚಿ ನೋಡಿದ್ರ ನುಂಗಬೇಕು. ಉಗಳೂದ ಯಾಕ?"

"ನುಂಗಿದ್ರ ಮುಂದಿನದರ ರುಚಿ ತಿಳಿಯಂಗಿಲ್ಲರಿ."

"ಹಂಗಾರ ಹಬ್ಬದಾಗ ಹೋಳಿಗಿ ಉಗುಳಿ ಅನ್ನ ಉಣ್ಣಬೇಕೇನು?"

ಇದಕ್ಕೆ ಸಿಸ್ಟರ್ ಉತ್ತರ ಕಲಿಸಿರಲಿಲ್ಲ. ನಮ್ಮ ಮನೆಯಲ್ಲಿ ತಟ್ಟೆಗೆ ಬಿದ್ದದ್ದು ಪ್ರಸಾದ. ಉಂಡ ಮೇಲೆ ತಟ್ಟೆ ತೊಳೆದ ನೀರನ್ನೂ ಕುಡಿಯುತ್ತೇವೆ. ಅಂಥ ಮನೆಯ ಸೊಸೆ ಪಡಸಾಲೆಯಲ್ಲಿ ಕೂತು ಮಾವನ ಪೀಕದಾನಿಗೆ ಉಗುಳುವುದೆಂದರೆ! ಅತ್ತೆ ಆ ದಿನ ನನ್ನ ಕೈಯ ನೀರು ಮುಟ್ಟಲಿಲ್ಲ.

ಮರುದಿನ ಅವರೇ ಒಂದು ತಪೇಲಿ ತಂದು ಮೇಜಿನ ಮೇಲೆ ಕುಕ್ಕಿದರು. "ಉಗಳೂದು ನಿನ್ನ ಹಣೇಬರ. ಕಪ್ಪಿನಾಗ ಉಳಿದದ್ದನ್ನಾರ ಕೆಡಸಬ್ಯಾಡ. ಇದರಾಗ ಹಾಕು."

ಬೇರೆ ಬೇರೆ ಇಡಲೆಂದೇ ನಾನು ಅಷ್ಟು ಕಷ್ಟಪಟ್ಟಿದ್ದ ನಾಲ್ಕು ಚಹಾಗಳು ದಿನವೂ ಒಂದೇ ತಪೇಲಿಗೆ ಹೋದವು. ಅತ್ತೆ ಅದಕ್ಕೆ ಹಾಲು ಸುರಿದು, ಸಾವಕಾರರು ಕೊಟ್ಟ ಬೆಲ್ಲ ಹಾಕಿ, ಶುಂಠಿ ಜಜ್ಜಿ ಕುದಿಸಿದರು. ಹಾಲಿನವಳು ಕುಡಿದಳು. ಕಟ್ಟೆಯ ಮೇಲೆ ಬಳೆಗಳ ಮಲಾರ ಇಳಿಸಿ ಕೂರುತ್ತಿದ್ದ ಬಳೆಗಾರ ಕುಡಿದ. ಅತ್ತೆ ಮಾತ್ರ ಆ ತನಕ ಚಹಾ ಮುಟ್ಟಿದವರಲ್ಲ, ಅದು ಸಾಹೇಬರ ಪೇಯ ಎಂದು ಅವರ ಅಭಿಪ್ರಾಯ. ಆದರೆ ತಳದಲ್ಲಿ ಉಳಿದದ್ದನ್ನು ಚೆಲ್ಲುವುದು ಹೇಗೆ? ಅಷ್ಟನ್ನು ತಾವೇ ಕುಡಿದರು.

ಒಂದು ವಾರ ಕಳೆಯಿತು. ಒಂದು ಬೆಳಿಗ್ಗೆ ನನಗೆ ತಲೆನೋವು ಬಂದು ಎರಡೇ ಕಪ್ಪು ಮಾಡಿದ್ದೆ. ಅತ್ತೆ ಲಿಂಗಪೂಜೆ ಮುಗಿಸಿ ಬಂದು ತಪೇಲಿಯೊಳಗೆ ಬಗ್ಗಿ ನೋಡಿದರು.

"ಇವತ್ತ ಯಾಕ ಇಷ್ಟ ಕಡಿಮಿ ಅದ?"

"ಅತ್ತಿಯಾರ, ನೀವು ಚಾ ಕುಡಿಯಂಗಿಲ್ಲಲ್ಲರಿ."

"ಚಾ ಯಾರ ಕುಡೀತಾರ?" ಎಂದರು ಅತ್ತೆ. "ನಾ ಪ್ರಸಾದದ ಮಾತ ಆಡಾಕತ್ತೀನಿ."

ನಮ್ಮವರ ನಾಲಿಗೆ

ನನ್ನ ನಾಲಿಗೆಯೊಂದನ್ನೇ ನಂಬಬಾರದು, ಇನ್ನೊಬ್ಬರ ಅಭಿಪ್ರಾಯವನ್ನೂ ಕೇಳಬೇಕು. ಅದೂ ಸಿಸ್ಟರ್ ಹೇಳಿದ್ದೇ. ಭಾನುವಾರ ನಮ್ಮವರನ್ನು ಮೇಜಿಗೆ ಕೂರಿಸಿದೆ. ಯಾವುದು ಯಾವ ಚಹಾ ಎಂದು ಹೇಳಲಿಲ್ಲ.

ಮೊದಲನೆಯದನ್ನು ಕುಡಿದು, "ಬಿಸಿ ಅದ" ಅಂದರು.

"ರುಚಿ ಹೆಂಗದರಿ?"

"ಛಲೋ ಬಿಸಿ ಅದ."

ಎರಡನೆಯದು: "ಇದೂ ಬಿಸಿ ಅದ." ಮೂರನೆಯದು: "ಅಷ್ಟ ಬಿಸಿ ಇಲ್ಲ." ನಾಲ್ಕನೆಯದು: "ಇದು ಆರ್‍ಯಾದ. ಮೊದಲಿನದ ಛಲೋ ಇತ್ತು."

ಕ್ರಮ ಬದಲಿಸಿ ಮತ್ತೊಮ್ಮೆ ಕೊಟ್ಟೆ. ಹಿಂದೆ ನಾಲ್ಕನೆಯದಾಗಿದ್ದದ್ದು ಈಗ ಮೊದಲು ಬಂತು. ಅದನ್ನು ಬಹಳ ಮೆಚ್ಚಿದರು. ಮೂರನೆಯ ಸಲ ಉಪಾಯ ಮಾಡಿದೆ. ನಾಲ್ಕು ಕಿಟ್ಲಿಗಳನ್ನೂ ಬಿಸಿಬೂದಿಯ ಮೇಲಿಟ್ಟು, ನಾಲ್ಕು ಕಪ್ಪುಗಳೂ ಒಂದೇ ಸಮ ಹೊಗೆಯಾಡುವಂತೆ ಮುಂದಿಟ್ಟೆ. ಅವರು ಒಂದೊಂದನ್ನೂ ಕುಡಿದು, ಕಣ್ಣು ಮುಚ್ಚಿ ಬಹಳ ಹೊತ್ತು ಯೋಚಿಸಿದರು. ಕಚೇರಿಯಲ್ಲಿ ತಕರಾರಿನ ಕಾಗದ ಬಂದಾಗಲೂ ಅವರು ಹೀಗೇ ಕೂರುತ್ತಾರಂತೆ. ನನಗೆ ಆಸೆ ಹುಟ್ಟಿತು.

"ಹೇಳ್ರಿ."

"ಹೇಳ್ತೀನಿ, ಸಿಟ್ಟಾಗಬಾರದು."

"ಆಗಂಗಿಲ್ಲ. ಖರೆ ಹೇಳ್ರಿ."

"ಬಾಯಿ ಸುಟ್ಟದ" ಎಂದರು.

ಕಮಲಾಪುರದ ಬಾವಿ

ನಿಜವಾದ ತೊಂದರೆ ಇದ್ದದ್ದು ನಮ್ಮ ನೀರಿನಲ್ಲಿ. ಕಲಬುರಗಿಯ ನಮ್ಮ ಓಣಿಯ ಬಾವಿಯ ನೀರು ಬಲು ಗಡಸು. ಬೇಳೆ ಬೇಯುವುದಿಲ್ಲ, ಸಾಬೂನು ನೊರೆಯಾಗುವುದಿಲ್ಲ, ಚಹಾದ ಮೇಲೆ ಕೆನೆಯಂಥ ಪೊರೆ ಕಟ್ಟುತ್ತದೆ. ಎಷ್ಟು ಒಳ್ಳೆಯ ಎಲೆ ಹಾಕಿದರೂ ಎಲ್ಲದಕ್ಕೂ ಒಂದೇ ರುಚಿ.

ನಮ್ಮವರ ಅಕ್ಕನನ್ನು ಕಮಲಾಪುರಕ್ಕೆ ಕೊಟ್ಟಿದ್ದಾರೆ. ಕೆಂಪು ಬಾಳೆಯ ತೋಟದ ಮನೆ ಅವರದು. ಆ ತೋಟದ ಬಾವಿಯ ನೀರು ಎಳನೀರಿನಂತೆ. ಅಕ್ಕನೂ ಹಾಗೆಯೇ, ಸಿಹಿ, ಮತ್ತು ತಡೆಯಿಲ್ಲದೆ ಹರಿಯುವವರು. ಅವರಿಗೆ ಇರುವುದು ಒಂದೇ ಕೊರಗು. ತಮ್ಮನಿಗೆ, ಅಂದರೆ ನಮಗೆ, ಒಬ್ಬಳೇ ಮಗಳು. ಗಂಡು ಸಂತಾನ ಇಲ್ಲ. ಆ ಮಗಳಿಗೆ ಮದುವೆಯಾಗಿ ಮಕ್ಕಳಾದವು, ನನ್ನ ತಲೆಯಲ್ಲಿ ಬೆಳ್ಳಿಕೂದಲು ಬಂತು. ಆದರೂ ಅಕ್ಕ ಯಾವ ಗುಡಿಗೆ ಹೋದರೂ ನನ್ನ ಹೆಸರಲ್ಲಿ ಒಂದು ಕಾಯಿ ಒಡೆಸುವುದನ್ನು ಬಿಟ್ಟಿರಲಿಲ್ಲ.

ನಮ್ಮ ಕಟ್ಟೆಯ ಮೇಲೆ ಅತ್ತೆಯ ಚಹಾ ಕುಡಿಯುತ್ತಿದ್ದ ಬಳೆಗಾರ ಕಮಲಾಪುರದ ಕಡೆಗೂ ವ್ಯಾಪಾರಕ್ಕೆ ಹೋಗುತ್ತಿದ್ದ. ಅವನ ಕೈಯಲ್ಲಿ ಹೇಳಿ ಕಳಿಸಿದೆ: "ನಿಮ್ಮ ಬಾವಿಯ ನೀರು ಕುಡಿಯಬೇಕು ಅನ್ನಿಸಿದೆ. ಬಾಳೆಹಣ್ಣಿನ ಗಾಡಿ ಬರುವಾಗ ಒಂದು ಕೊಡ ಕಳಿಸಿರಿ."

ಗಾಡಿ ಬಂತು. ಒಂದು ಕೊಡ ಕೇಳಿದ್ದೆ, ಎರಡು ಬಂದಿದ್ದವು. ಬಾಯಿಗೆ ಮಡಿ ಬಟ್ಟೆ ಕಟ್ಟಿತ್ತು. ಸಂಗಡ ಒಂದು ಭರಣಿ ಮಾವಿನ ಉಪ್ಪಿನಕಾಯಿ, ಮತ್ತು ಗಾಡಿಯವನ ಬಾಯಲ್ಲಿ ಒಂದು ಮಾತು: "ಇನ್ನೇನ ಬೇಕಾದ್ರೂ ಹೇಳಿ ಕಳಸಬೇಕಂತರಿ. ನಾಚಿಕೋಬಾರದಂತ."

ನೀರು ಕೇಳುವುದರಲ್ಲಿ ನಾಚಿಕೆ ಏನಿದೆ ಎಂದುಕೊಂಡೆ. ಕಿಟ್ಲಿ ಇಟ್ಟೆ, ನಾಲ್ಕು ಕಪ್ಪಿಗೂ ಸುರಿದೆ. ಮನೆಯೆಲ್ಲ ಘಮ್ಮೆಂದಿತು. ನೀಲಗಿರಿ ಘಮ್ಮೆಂದಿತು, ದಾರ್ಜಿಲಿಂಗ್ ಘಮ್ಮೆಂದಿತು, ಸಾವಕಾರರ ಕಸವೂ ಘಮ್ಮೆಂದಿತು. ಕೊಡದೊಳಗೆ ಕೈ ಹಾಕಿ ನೋಡಿದೆ. ಅಕ್ಕ ಪ್ರೀತಿಯಿಂದ ಒಂದು ಹಿಡಿ ಲಾವಂಚದ ಬೇರು ಹಾಕಿ ಕಳಿಸಿದ್ದರು. ನಮ್ಮವರು ಕುಡಿದು, "ಇವತ್ತ ಬಿಸಿನೂ ಅದ, ವಾಸನಿನೂ ಅದ" ಎಂದು ಮೆಚ್ಚಿದರು.

ಮತ್ತೆ ಬಳೆಗಾರನಿಗೆ ಹೇಳಿದೆ, ಒಂದೊಂದು ಮಾತನ್ನೂ ಬಿಡಿಸಿ ಬಿಡಿಸಿ: "ಇನ್ನೊಂದು ಕೊಡ ಬೇಕು. ಏನೂ ಹಾಕಬಾರದು. ವಾಸನೆ ಆಗುವುದಿಲ್ಲ ಎಂದು ಹೇಳು."

ಅವನು ಮೇಜಿನ ಮೇಲಿದ್ದ ನಿಂಬೆಹೋಳು ನೋಡಿದ, ಕೆಳಗಿದ್ದ ಪೀಕದಾನಿ ನೋಡಿದ. "ತಿಳೀತರಿ ಎವ್ವಾ" ಎಂದು ಬಹಳ ವಿನಯದಿಂದ ತಲೆ ಬಗ್ಗಿಸಿ ಹೋದ.

ಈ ಸಲ ನೀರು ಚೊಕ್ಕವಾಗಿ ಬಂತು. ಅದರಲ್ಲಿ ನೀಲಗಿರಿಯ ಚಹಾ ಮಾಡಿದಾಗ ತಿಳಿ ಜೇನಿನ ಬಣ್ಣ, ತುದಿನಾಲಿಗೆಯಲ್ಲಿ ಒಂದಿಷ್ಟು ಒಗರು, ಆಮೇಲೆ ಹೂವಿನ ನೆನಪಿನಂಥದೊಂದು. ಎಷ್ಟೋ ವರ್ಷದ ಮೇಲೆ ನಾನು ಆ ಒಂದು ಗುಟುಕನ್ನು ಉಗುಳದೆ ನುಂಗಿದೆ. ಬೇಗಂ ಸಾಹೇಬರಿಗೆ ಇದೇ ಎಂದು ನಿಶ್ಚಯವಾಯಿತು. ಗಾಡಿಯವನು ಮಾತ್ರ ಅಂಗಳದಲ್ಲಿ ಇನ್ನೂ ನಿಂತಿದ್ದ.

"ಮತ್ತೇನು?" ಎಂದೆ.

"ಏನಿಲ್ಲರಿ. ನಿಮಗ ಹಸರ ಬಣ್ಣ ಸೇರ್ತದೋ ಇಲ್ಲೋ ಕೇಳಿಕೊಂಡು ಬಾ ಅಂದಾರ."

"ಹಸಿರಿಗೆ ನನ್ನ ತಕರಾರೇನೂ ಇಲ್ಲ" ಎಂದೆ. ಕಮಲಾಪುರದವರು ಏನನ್ನು ಏಕೆ ಕೇಳುತ್ತಾರೆ ಎಂದು ವಿಚಾರಿಸುವುದನ್ನು ನಾನು ಮದುವೆಯಾದ ವರ್ಷವೇ ಬಿಟ್ಟಿದ್ದೆ.

ಬೇಗಂ ಸಾಹೇಬರು ಬಂದ ದಿನ

ಬೇಗಂ ಸಾಹೇಬರು ಪರದೆಯವರು. ಅವರು ಬರುವ ಹೊತ್ತಿಗೆ ಮನೆಯಲ್ಲಿ ಗಂಡಸರು ಇರಬಾರದು. ನಮ್ಮವರು ಮುಂಜಾನೆಯೇ ಕಚೇರಿಗೆ ಹೋದರು. ಹೋಗುವಾಗ ನನ್ನನ್ನೂ ಕಿಟ್ಲಿಯನ್ನೂ ಒಂದು ಸಲ ನೋಡಿ, "ಬಿಸಿ ಇರಲಿ" ಎಂದರು. ಬೀಡದ ಹುಕುಮು ಸಾಹೇಬರ ಮೇಜಿನ ಮೇಲೆ ಬಂದಾಗಿತ್ತು, ಸಹಿ ಮಾತ್ರ ಬಾಕಿ.

ಮೇಜಿಗೆ ಬಿಳಿಯ ಬಟ್ಟೆ ಹಾಸಿದೆ. ಕಪ್ಪುಗಳ ಹಿಡಿಗಳೆಲ್ಲ ಒಂದೇ ದಿಕ್ಕಿಗೆ ತಿರುಗಿದ್ದವು. ಕಮಲಾಪುರದ ನೀರು ಒಲೆಯ ಮೇಲೆ ಸಣ್ಣಗೆ ಹಾಡುತ್ತಿತ್ತು. ಬಾಗಿಲಲ್ಲಿ ಗಾಡಿ ನಿಂತ ಸದ್ದಾಯಿತು. ಸೆರಗು ಸರಿಪಡಿಸಿಕೊಂಡು ಎದುರು ಹೋದೆ.

ಕಮಾನು ಗಾಡಿಯಿಂದ ಇಳಿದವರು ನಮ್ಮ ಅಕ್ಕ. ಹಿಂದೆ ಕಮಲಾಪುರದ ನಾಲ್ವರು ಹೆಂಗಸರು. ಒಬ್ಬರ ತಲೆಯ ಮೇಲೆ ಕೆಂಪು ಬಾಳೆಯ ಗೊನೆ, ಒಬ್ಬರ ಕೈಯಲ್ಲಿ ಬುಟ್ಟಿ ತುಂಬ ಉಂಡಿ, ಒಬ್ಬರ ಕೈಯಲ್ಲಿ ಹಸಿರು ಸೀರೆ. ಎಲ್ಲರ ಹಿಂದೆ ಬಳೆಗಾರ, ಹೊಸ ಅಂಗಿ ತೊಟ್ಟು.

"ಯವ್ವಾ ನನ್ನ ತಂಗೀ!" ಎಂದು ಅಕ್ಕ ನನ್ನ ಕುತ್ತಿಗೆ ತಬ್ಬಿ ಅತ್ತರು. "ಎಷ್ಟ ದೇವರಿಗೆ ಹರಕಿ ಹೊತ್ತಿದ್ದೆ! ಕಡಿಗೂ ಕಣ್ಣ ತೆರದಾನ!"

"ಅಕ್ಕಾರ, ಏನಿದು?"

"ಕುಬಸಾ! ಮತ್ತೇನು? ನಮಗ ತಿಳಿಯಂಗಿಲ್ಲಂದಿ? ದಿನಾ ಮುಂಜಾನೆ ಉಗಳೂದು, ನಿಂಬಿಹಣ್ಣು, ನಮ್ಮ ಬಾವಿ ನೀರ ಮ್ಯಾಲ ಬಯಕಿ, ಲಾವಂಚದ ವಾಸನಿ ಒಲ್ಲೆ ಅನ್ನೂದು!"

ಕುಬಸ ಎಂದರೆ ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಉಡಿ ತುಂಬುವ ಶಾಸ್ತ್ರ. ನಾನು ಎರಡು ಮೊಮ್ಮಕ್ಕಳ ಅಜ್ಜಿ.

"ಅಕ್ಕಾರ, ಅದು ಚಾ! ನಾ ಚಾದ ರುಚಿ ನೋಡಾಕತ್ತಿದ್ದೆ!"

"ಹೂಂ ಹೂಂ. ನಾನೂ ಮೊದಲ ಮೂರ ತಿಂಗಳ ಯಾರಿಗೂ ಹೇಳಿದ್ದಿಲ್ಲ" ಎಂದು ಅಕ್ಕ ಕಣ್ಣೊರೆಸಿಕೊಂಡು ನಕ್ಕರು.

ನಾನು ಅತ್ತೆಯ ಕಡೆ ನೋಡಿದೆ, ಅವರಾದರೂ ಹೇಳಲಿ ಎಂದು. ಅತ್ತೆ ಕಂಬಕ್ಕೆ ಒರಗಿ ಕೂತಿದ್ದರು. "ಚಾ ಉಗಳೂದು ಎಲ್ಲಿ ಕೇಳೀಯವಾ?" ಎಂದು ಮಗಳಿಗೆ ಹೇಳಿದರು. "ನನಗ ಮೊದಲ ದಿನಾನ ಸಂಶೆ ಬಂದಿತ್ತು. ಸೊಸಿ ನಾಚಿಕಿ ಸ್ವಭಾವದಾಕಿ, ಕೇಳಬಾರದಂತ ಸುಮ್ಮನಿದ್ದೆ."

ಕಾನ್ವೆಂಟಿನಲ್ಲಿ ನಮಗೆ ಗದ್ದಲದ ನಡುವೆಯೂ ಬೆನ್ನು ನೆಟ್ಟಗೆ ಇಟ್ಟು ಕೂರುವುದನ್ನು ಕಲಿಸಿದ್ದರು. ಆ ದಿನ ನನಗೆ ಉಪಯೋಗಕ್ಕೆ ಬಂದ ವಿದ್ಯೆ ಅದೊಂದೇ. ಐದು ಜನ ಹೆಂಗಸರು ನನ್ನನ್ನು ಒಳಗೆ ಎಳೆದು ಹಸಿರು ಸೀರೆ ಸುತ್ತಿ ಮಣೆಯ ಮೇಲೆ ಕೂರಿಸಿದರು. ಬಳೆಗಾರ ಮೊಣಕೈವರೆಗೆ ಹಸಿರು ಬಳೆ ಏರಿಸಿ, ಬೇಗಂ ಸಾಹೇಬರ ಸವಾರಿ ಓಣಿಗೆ ಬಂತೆಂದು ಯಾರೋ ಕೂಗಿದ್ದೇ ಹಿತ್ತಲ ಬಾಗಿಲಿಂದ ಓಡಿದ.

ಬೇಗಂ ಸಾಹೇಬರು ಬಂದಾಗ ನಾನು ಏಳಲಾಗದೆ ಕೂತಿದ್ದೆ. ಮಡಿಲಲ್ಲಿ ಒಂದು ಇಡೀ ಗೊನೆ ಬಾಳೆಹಣ್ಣಿತ್ತು.

ಅವರು ಬುರ್ಖಾ ಸರಿಸಿದರು. ನನ್ನನ್ನು ನೋಡಿದರು, ಬಳೆ ನೋಡಿದರು, ಗೊನೆ ನೋಡಿದರು. ಮುಖ ಅರಳಿತು.

"ಮುಬಾರಕ್ ಹೋ! ಕೌನ್ಸಾ ಮಹೀನಾ ಹೈ?"

ಎಷ್ಟು ತಿಂಗಳು ಎಂದು ಕೇಳುತ್ತಿದ್ದಾರೆ. ನನಗೆ ಉರ್ದು ಚೆನ್ನಾಗಿ ಬರುತ್ತದೆ. ಶುದ್ಧವಾದ ಉರ್ದುವಿನಲ್ಲಿ, ತಾವು ತಪ್ಪು ತಿಳಿದಿದ್ದೀರಿ, ಹಾಗೇನೂ ಇಲ್ಲ ಎಂದು ಅರಿಕೆ ಮಾಡಿಕೊಂಡೆ. ಬೇಗಂ ಸಾಹೇಬರು ನನ್ನ ಗಲ್ಲ ಹಿಡಿದು, ಈ ವಯಸ್ಸಿನಲ್ಲಿ ಎಲ್ಲರೂ ಹೀಗೇ ನಾಚುತ್ತಾರೆ ಎಂದರು. ಹಿಂದಿನಿಂದ ಅತ್ತೆ ಕೈಯೆತ್ತಿ ಐದು ಬೆರಳು ತೋರಿಸಿದರು.

ಅಕ್ಕನಿಗೆ ಉರ್ದು ಬಾರದು, ಬೇಗಂ ಸಾಹೇಬರಿಗೆ ಕನ್ನಡ ಬಾರದು. ಆದರೂ ಅವರಿಬ್ಬರಲ್ಲಿದ್ದಷ್ಟು ಒಮ್ಮತವನ್ನು ನಾನು ಎಲ್ಲೂ ಕಂಡಿಲ್ಲ. ಒಬ್ಬರು ನನ್ನ ಹಣೆಗೆ ಕುಂಕುಮ ಇಟ್ಟರೆ ಇನ್ನೊಬ್ಬರು ದೃಷ್ಟಿ ತೆಗೆದರು. ಒಬ್ಬರು ಉಂಡಿ ತಿನ್ನಿಸಿದರೆ ಇನ್ನೊಬ್ಬರು ತಮ್ಮ ಕೈಯಿಂದಲೇ ಉಡಿಗೆ ಹಣ್ಣು ಹಾಕಿದರು.

ಕೊನೆಗೆ ನನಗೆ ಮಾತಾಡಲು ಸಂದು ಸಿಕ್ಕಿತು. "ಬೇಗಂ ಸಾಹೇಬಾ, ಚಹಾ ಸಿದ್ಧವಾಗಿದೆ. ನೀಲಗಿರಿಯ ಎಲೆ."

ಅವರು ಬೆಚ್ಚಿಬಿದ್ದರು. ಈ ಸ್ಥಿತಿಯಲ್ಲಿ ಚಹಾವೇ? ಅದು ಉಷ್ಣ! ವಾಸನೆಯೂ ಒಳ್ಳೆಯದಲ್ಲ! ಕೂಡಲೇ ಕಿಟ್ಲಿಯನ್ನು ನನ್ನ ಕಣ್ಣೆದುರಿನಿಂದ ತೆಗೆಸಿದರು. ತಾವಾದರೂ ಕುಡಿಯಬೇಕು ಎಂದು ಬೇಡಿಕೊಂಡೆ. ನಿಮಗಿಲ್ಲದ್ದು ನನಗೂ ಬೇಡ ಎಂದು ನನ್ನ ಕೈ ಅದುಮಿದರು. ಅಕ್ಕ ತಂದಿದ್ದ ಹೊಸ ಕೊಡದ ನೀರನ್ನು ಕುಡಿದರು. ನೆಂಟರು ಬಂದಾರು ಎಂದು ಅಕ್ಕ ಅದಕ್ಕೆ ಲಾವಂಚ ಹಾಕಿದ್ದರು. ಇಂಥ ನೀರು ಹೈದರಾಬಾದಿನಲ್ಲೂ ಸಿಗುವುದಿಲ್ಲ ಎಂದು ಬೇಗಂ ಸಾಹೇಬರು ಬಾಯಿತುಂಬ ಹೊಗಳಿದರು.

ನೀಲಗಿರಿಯ ಚಹಾ ಅತ್ತೆಯ ತಪೇಲಿಗೆ ಹೋಯಿತು. ಇಬ್ಬರು ಗಾಡಿ ಹೊಡೆಯುವವರು ಅದನ್ನು ಬೆಲ್ಲದ ಸಂಗಡ ಕುಡಿದರು. ತಳದಲ್ಲಿದ್ದ ಪ್ರಸಾದ ಅತ್ತೆಗೆ.

ಹೊರಡುವಾಗ ಬೇಗಂ ಸಾಹೇಬರು, ಏನಾದರೂ ಬೇಕೆ ಎಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ತಮಗೆ ಬರುತ್ತಿದ್ದ ನಾಲ್ಕೇ ಉರ್ದು ಮಾತಿನಲ್ಲಿ ನನ್ನ ಹೊಟ್ಟೆಯ ಕಡೆ ಬೆರಳು ಮಾಡಿ, "ಬೀಡ... ತಬಾದಲಾ... ಗಾಡಿ... ಧಕ್ಕಾ" ಎಂದರು. ಬೇಗಂ ಸಾಹೇಬರ ಮುಖ ಕಪ್ಪಿಟ್ಟಿತು. ಬುರ್ಖಾ ಇಳಿಬಿಟ್ಟು ಸರಸರನೆ ಹೊರಟುಹೋದರು. ಎಲ್ಲ ಕೆಟ್ಟಿತು ಎಂದು ನಾನು ಮಣೆಯ ಮೇಲೇ ಕೂತಿದ್ದೆ.

ಸಂಜೆ ನಮ್ಮವರು ಬಂದರು. ರುಮಾಲು ಬಿಚ್ಚಲಿಲ್ಲ. ಹಸಿರು ಸೀರೆಯನ್ನೂ ಬಳೆಗಳನ್ನೂ ನೋಡಿದರು. ಅಕ್ಕ ಇನ್ನೂ ಹಾಡುತ್ತಿದ್ದರು. ನಮ್ಮವರು ನನ್ನೆದುರು ಮೆಲ್ಲಗೆ ಕೂತರು.

"ತಬಾದಲಾ ನಿಂತದ" ಎಂದರು.

"ನಿಂತದ?"

"ಸಾಹೇಬರು ಮನಿಗೆ ಊಟಕ್ಕ ಹೋಗಿದ್ರು. ತಿರುಗಿ ಬಂದವರೇ ಎಲ್ಲರ ಮುಂದ ಎದ್ದು ನಿಂತು ನನ್ನ ಕೈ ಹಿಡಿದ್ರು. ಮುಬಾರಕ್ ಅಂದ್ರು. ಇಡೀ ಕಚೇರಿ ಚಪ್ಪಾಳಿ ಹೊಡೀತು." ನಮ್ಮವರ ದನಿಯಲ್ಲಿ ಸಿಟ್ಟಿರಲಿಲ್ಲ, ನೋವಿತ್ತು. "ಊರಿಗೆಲ್ಲಾ ಗೊತ್ತದ. ನನಗೊಬ್ಬಗ ಮೊದಲ ಒಂದ ಮಾತ ಹೇಳಬಾರದಾಗಿತ್ತಾ?"

ಅವರಿಗೆ ಎಲ್ಲವನ್ನೂ ಬಿಡಿಸಿ ಹೇಳುವಷ್ಟರಲ್ಲಿ ದೀಪ ಹಚ್ಚುವ ಹೊತ್ತಾಗಿತ್ತು. ಮರುದಿನವೇ ಹೋಗಿ ಸಾಹೇಬರಿಗೆ ನಿಜ ತಿಳಿಸಿರೆಂದೆ. ಹೋದರು, ಹೇಳಿದರು. ಇವನು ಹೆಂಡತಿಗಿಂತ ಹೆಚ್ಚು ನಾಚುತ್ತಾನೆ ಎಂದು ಸಾಹೇಬರು ಹೊಟ್ಟೆ ಹಿಡಿದು ನಕ್ಕರಂತೆ.

ಆಮೇಲೆ ಆ ಸಾಹೇಬರೇ ವರ್ಗವಾಗಿ ಹೋದರು. ಅವರ ನಂತರ ಇನ್ನಿಬ್ಬರು ಬಂದರು. ಹೋಗುವವರು ಬರುವವರಿಗೆ ಕಚೇರಿ ಒಪ್ಪಿಸುವಾಗ, ಆ ಒಂದು ಹುಕುಮನ್ನೂ ಮರೆಯದೆ ಒಪ್ಪಿಸುತ್ತಾರಂತೆ: ಪೇಶಕಾರರ ಹೆಂಡತಿಯ ಹೆರಿಗೆಯಾಗುವವರೆಗೆ ಅವರನ್ನು ಕಲಬುರಗಿಯಿಂದ ಕದಲಿಸಬಾರದು. ನಮ್ಮವರು ಬರುವ ವರ್ಷ ಪಿಂಚಣಿಗೆ ಹೋಗುತ್ತಾರೆ. ಅತ್ತೆ ಇಂದಿಗೂ ದಿನಾ ಮುಂಜಾನೆ ಗುಡಿಗೆ ಹೋಗಿ ಬಂದು, ತಪೇಲಿ ನೋಡುತ್ತಾರೆ.

ಹೆರಿಗೆ ಇನ್ನೂ ಆಗಿಲ್ಲ.